ಅರ್ಧ ತೋರಿಸಿದ ಮುಳ್ಳು

ಹೋದ ವರ್ಷ ಆಯುಧ ಪೂಜೆ ಮುಗಿದು ಹತ್ತು ದಿನ ಆಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಮನೆಯ ನಡುಮನೆಯಲ್ಲಿ ನಿಂತು, ಹತ್ತು ನಿಮಿಷ ಮಾತಾಡಿ, ನಮ್ಮ ದೊಡ್ಡಪ್ಪನ ಕೈಯಿಂದ ಲಾರಿಯ ಕೀ ಬಿಡಿಸಿದೆ. ಕಸಿದುಕೊಳ್ಳಲಿಲ್ಲ, ವಾದ ಮಾಡಿ ಗೆದ್ದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳಿಗೆ ಹೋಗಿ ಬಂದವಳು ನಾನು. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕಪ್ ತಂದಿದ್ದೇನೆ. ಮನೆಮಾತು ಕನ್ನಡದಲ್ಲಿ ನಾನು ಗೆದ್ದ ಮೊದಲ ವಾದ ಅದು. ಒಂದು ವಾರದೊಳಗೆ ಅದನ್ನು ಹೇಗೆ ಸೋತೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೇವೆ, ಆದರೆ ಓದಲು ಬರುವುದು ನನಗೊಬ್ಬಳಿಗೆ. ಹಾಸ್ಟೆಲಿನಲ್ಲಿ ಮೈಸೂರಿನ ಗೆಳತಿಯೊಬ್ಬಳು ಅಕ್ಷರ ಕಲಿಸಿದಳು. ಹಾಗಾಗಿ ಇದು ಅಚ್ಚಾದರೂ ದೊಡ್ಡಪ್ಪ ಓದಲಾರರು. ಓದಿ ಹೇಳುವ ಕೆಲಸ ನನ್ನದೇ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಅರವತ್ತನಾಲ್ಕು ವರ್ಷ. ದೊಡ್ಡಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ನಮ್ಮ ಜೊತೆಯೇ ಇದ್ದಾರೆ. ಮನೆಯ ಪಕ್ಕದ ಶೆಡ್‌ನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳಿವೆ, ಅವುಗಳ ಜವಾಬ್ದಾರಿ ಅಪ್ಪನದು. ಲಾರಿ ದೊಡ್ಡಪ್ಪನದು. ಸಣ್ಣ ಲಾರಿ, ನನಗಿಂತ ಎರಡು ವರ್ಷ ಹಳೆಯದು. ಅನ್ನೂರಿನ ಕಡೆ ಒಂದು ಸೈಜಿಂಗ್ ಮಿಲ್ ಇದೆ. ಅಲ್ಲಿ ಹಾಸಿನ ನೂಲಿಗೆ ಗಂಜಿ ಕೊಟ್ಟು ದೊಡ್ಡ ಉರುಳೆಗಳಿಗೆ ಸುತ್ತಿ ಕೊಡುತ್ತಾರೆ. ಆ ಉರುಳೆಗೆ ನಾವು ಬೀಮ್ ಅನ್ನುತ್ತೇವೆ. ಬೀಮ್ ಬಂದರೆ ಮಗ್ಗ ಓಡುತ್ತದೆ, ಬರದಿದ್ದರೆ ನಿಲ್ಲುತ್ತದೆ. ದೊಡ್ಡಪ್ಪ ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಐದು ಗಂಟೆಗೆ ಮಿಲ್ ಬಾಗಿಲಲ್ಲಿ ನಿಂತು, ಆರು ಗಂಟೆಯ ಹೊತ್ತಿಗೆ ಬೀಮ್ ತಂದು ಶೆಡ್ ಮುಂದೆ ಇಳಿಸುತ್ತಿದ್ದರು. ನಮ್ಮದಲ್ಲದೆ ಬೀದಿಯ ಇನ್ನೂ ನಾಲ್ಕು ಶೆಡ್‌ಗಳಿಗೂ ಅವರೇ ತರುತ್ತಿದ್ದರು. ಆಮೇಲೆ ದಿನವಿಡೀ ಲಾರಿ ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು. ದೊಡ್ಡಪ್ಪ ಟೀ ಅಂಗಡಿಯಲ್ಲಿ ಪೇಪರ್ ನೋಡುತ್ತಿದ್ದರು.

ಆಯುಧ ಪೂಜೆಗೆ ಲಾರಿ ತೊಳೆದು, ಗಂಧ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸಿದ್ದಾಯಿತು. ಅದಾಗಿ ಐದನೆಯ ದಿನ ದೊಡ್ಡಪ್ಪ ವಾಪಸ್ ಬರುವಾಗ ಕರುಮತ್ತಂಪಟ್ಟಿಯ ಹತ್ತಿರ ಲಾರಿ ನಿಂತುಹೋಯಿತು. ಡೀಸೆಲ್ ಮುಗಿದಿತ್ತು. ಅಪ್ಪ ಬೈಕಿನಲ್ಲಿ ಕ್ಯಾನ್ ಕಟ್ಟಿಕೊಂಡು ಹೋದರು. ಡೀಸೆಲ್ ಗಾಡಿ ಒಮ್ಮೆ ಖಾಲಿಯಾದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಬರೀ ಡೀಸೆಲ್ ಸುರಿದರೆ ಆಗದು, ಪಂಪ್ ಒತ್ತಿ ಒತ್ತಿ ಗಾಳಿ ತೆಗೆಯಬೇಕು. ಅದೆಲ್ಲ ಮುಗಿಯುವಷ್ಟರಲ್ಲಿ ಗಂಟೆ ಎಂಟಾಗಿತ್ತು. ಐದು ಶೆಡ್‌ಗಳ ಮಗ್ಗ ನಿಂತಿದ್ದವು.

"ಡೀಸೆಲ್ ಮೀಟರಿನ ಮುಳ್ಳು ಅರ್ಧದಲ್ಲಿ ಇತ್ತು," ಅಂದರು ದೊಡ್ಡಪ್ಪ.

"ನಾ ಕೀ ಹಾಕಿ ನೋಡ್ದೆ ಅಣ್ಣ. ಮುಳ್ಳು ತಳದಲ್ಲಿ ಮಲಗಿತ್ತು," ಅಂದರು ಅಪ್ಪ. "ನಾ ಸುರ್ದಿದ್ದು ಹತ್ತು ಲೀಟರ್. ಮರೀದೆ ಬಂಕಲ್ಲಿ ಹಾಕ್ಸು."

ದೊಡ್ಡಪ್ಪ ಹಾಕಿಸಲಿಲ್ಲ. ನಾಲ್ಕು ದಿನ ಬಿಟ್ಟು ಲಾರಿ ಮತ್ತೆ ನಿಂತಿತು, ಈ ಸಲ ಅನ್ನೂರಿನ ಹತ್ತಿರ. ಅಪ್ಪ ಮತ್ತೆ ಕ್ಯಾನ್ ಕಟ್ಟಿಕೊಂಡು ಹೋದರು. ಮತ್ತೆ ಕೀ ತಿರುಗಿಸಿ ನೋಡಿದರೆ ಮುಳ್ಳು ತಳದಲ್ಲೇ.

"ನಾ ನೋಡ್ದಾಗ ಅರ್ಧ ಇತ್ತು. ನೀನೇ ಹಾಕ್ಸಿರಬೇಕು ಅಂದ್ಕೊಂಡೆ," ಅಂದರು ದೊಡ್ಡಪ್ಪ.

ಯಾರಾದರೂ ಡೀಸೆಲ್ ಕದ್ದರೇ ಎಂದು ಮೊದಲು ಕೇಳಿದವಳು ನಾನೇ. ಟ್ಯಾಂಕಿನ ಮುಚ್ಚಳಕ್ಕೆ ಬೀಗವಿತ್ತು, ಬೀಗ ಹಾಗೇ ಇತ್ತು. ಉಳಿದದ್ದು ಒಂದೇ ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಅಜ್ಜಿಗೆ, ಅಂದರೆ ದೊಡ್ಡಪ್ಪನ ಅಮ್ಮನಿಗೆ, ಕೊನೆಯ ನಾಲ್ಕು ವರ್ಷ ಏನೂ ನೆನಪಿರಲಿಲ್ಲ. ಶುರುವಾಗಿದ್ದು ಸಣ್ಣಸಣ್ಣದರಿಂದಲೇ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಊಟ ಮಾಡಿ ಊಟ ಆಗಿಲ್ಲ ಅನ್ನುವುದು. ಕೊನೆಗೆ ದೊಡ್ಡಪ್ಪನನ್ನೇ "ನೀ ಯಾರ ಮನೆಯವ್ನಪ್ಪ?" ಎಂದು ಕೇಳುತ್ತಿದ್ದರು. ದೊಡ್ಡಪ್ಪ ಪ್ರತಿಸಲವೂ ತಾಳ್ಮೆಯಿಂದ ಮನೆಯ ವಿಳಾಸ ಹೇಳುತ್ತಿದ್ದರು.

ಶನಿವಾರ ಅಪ್ಪ ನನ್ನನ್ನು ಶೆಡ್ಡಿಗೆ ಕರೆದರು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದೇ ಅಲ್ಲಿಗೆ ಕರೆದರೆಂದು ಕಾಣುತ್ತದೆ.

"ಅಣ್ಣನ ಹತ್ರ ಕೀ ವಾಪಸ್ ಕೇಳ್ಬೇಕು. ನಾ ಕೇಳಿದ್ರೆ ಅಣ್ಣತಮ್ಮ ಜಗಳ ಆಗುತ್ತೆ. ನೀ ಹೇಳು. ನೀ ಮಾತಾಡೋಳು. ನಿನ್ನ ಮಾತಿಗೆ ಅಣ್ಣ ಎದುರಾಡಲ್ಲ."

ನಾನು ಒಪ್ಪಿಕೊಂಡೆ. ಭಯ ನಿಜವಾಗಿತ್ತು, ಇಲ್ಲ ಅನ್ನುವುದಿಲ್ಲ. ಕತ್ತಲಲ್ಲಿ ಹೆದ್ದಾರಿ ದಾಟುವ ಮನುಷ್ಯ ಅವರು. ಆದರೆ ನಿಜ ಹೇಳಬೇಕೆಂದರೆ, ಒಂದು ಕೇಸು ಕೈಗೆ ಸಿಕ್ಕಿದ ಖುಷಿಯೂ ಇತ್ತು. ಅವತ್ತು ಸಂಜೆ ಕೂತು ಪಾಯಿಂಟ್ ಬರೆದುಕೊಂಡೆ.

ಭಾನುವಾರ ತಿಂಡಿ ಆದಮೇಲೆ ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಶುರುಮಾಡಿದೆ. ಮೊದಲನೆಯದು, ಎರಡು ಸಲ ಡೀಸೆಲ್ ಮುಗಿದದ್ದು. ಎರಡನೆಯದು, ಹಾಕಿಸು ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದನ್ನೂ ಮರೆತದ್ದು. ಮೂರನೆಯದು, ಹಿಂದಿನ ತಿಂಗಳು ಮಿಲ್ಲಿಗೆ ತಿರುಗುವ ದಾರಿ ಬಿಟ್ಟು ಅನ್ನೂರು ದಾಟಿ ಎಷ್ಟೋ ದೂರ ಹೋಗಿ ವಾಪಸ್ ಬಂದದ್ದು. ನಾಲ್ಕನೆಯದು, ನನ್ನನ್ನು ಎರಡು ಸಲ ಅಮ್ಮನ ಹೆಸರಿನಿಂದ ಕರೆದದ್ದು.

ದೊಡ್ಡಪ್ಪ ಎಲ್ಲ ಕೇಳಿಸಿಕೊಂಡರು. ಎದುರು ಹೇಳಿದ್ದು ಒಂದೇ ಮಾತು.

"ಮುಳ್ಳು ಅರ್ಧದಲ್ಲೇ ಇತ್ತು ಕಣ್ಣು."

ಕಣ್ಣು ಎಂದರೆ ನಮ್ಮ ಕಡೆ ಮುದ್ದಿನ ಕರೆ. ನಾನು ಆ ಮಾತಿಗೇ ಕಾಯುತ್ತಿದ್ದೆ. ಉತ್ತರ ಹಿಂದಿನ ದಿನವೇ ಸಿದ್ಧವಾಗಿತ್ತು.

"ದೊಡ್ಡಪ್ಪ, ನೀವು ಹೇಳೋದು ಒಂದು, ಮುಳ್ಳು ಹೇಳೋದು ಒಂದು. ಮನುಷ್ಯ ಮರೀತಾನೆ. ಮುಳ್ಳು ಯಾಕೆ ಸುಳ್ಳು ಹೇಳುತ್ತೆ?"

ಮುಳ್ಳು, ಸುಳ್ಳು. ಪ್ರಾಸ ಚೆನ್ನಾಗಿ ಕೂತಿತ್ತು. ವೇದಿಕೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ದೊಡ್ಡಪ್ಪ ಸೊಂಟದಿಂದ ಕೀ ತೆಗೆದು ಟೀವಿಯ ಪಕ್ಕ ಇಟ್ಟರು.

"ಶರಿ ಕಣ್ಣು. ನೀ ಓದ್ದೋಳು. ನೀ ಹೇಳಿದ್ರೆ ಶರಿಯಾಗೇ ಇರುತ್ತೆ."

ಅಡುಗೆಮನೆಗೆ ಹೋದರೆ ಅಮ್ಮ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. "ಗೆದ್ದ್ಯಾ? ಕಪ್ ಕೊಟ್ರಾ?" ಅಂದಳು.

ಮಾರನೆಯ ದಿನದಿಂದ ಅಪ್ಪನೇ ಲಾರಿ ತೆಗೆದರು. ಬದಲಾದದ್ದು ದೊಡ್ಡಪ್ಪ. ಟೀ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಸ್ನಾನಕ್ಕೆ ಹೋಗುವ ಮುಂಚೆ ಗೀಸರ್ ಸ್ವಿಚ್ ಹಾಕಿದೆನಾ ಎಂದು ಎರಡೆರಡು ಸಲ ಎದ್ದುಬಂದು ನೋಡುತ್ತಿದ್ದರು. ಮಂಗಳವಾರ ನಾನು ತುಡಿಯಲೂರಿನ ಆಫೀಸಿನಿಂದ ಮನೆಗೆ ಬಂದಾಗ, ಅಮ್ಮನನ್ನು ಮೆಲ್ಲಗೆ ಕೇಳುತ್ತಿದ್ದರು: "ಮಧ್ಯಾಹ್ನ ನಾ ಮಾತ್ರೆ ನುಂಗಿದ್ನಾ? ನೀ ನೋಡ್ದ್ಯಾ?" ನುಂಗಿದ್ದರು, ಅಮ್ಮ ನೋಡಿದ್ದಳು. ಆದರೂ ಅವರಿಗೆ ತಮ್ಮ ಮೇಲೆ ನಂಬಿಕೆ ಇರಲಿಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತೇ ಇದ್ದೆ. ನನ್ನ ವಾದವನ್ನು ಅಪ್ಪ ಒಪ್ಪಿದ್ದು ಅನುಕೂಲಕ್ಕೆ. ದೊಡ್ಡಪ್ಪ ಮಾತ್ರ ನಿಜವಾಗಿ ನಂಬಿಬಿಟ್ಟಿದ್ದರು.

ಬುಧವಾರ ನನಗೆ ರಜೆ. ಅಪ್ಪನಿಗೆ ಆ ಲಾರಿಯ ಗೇರ್ ಇನ್ನೂ ಕೈಗೆ ಹತ್ತಿರಲಿಲ್ಲ, ಜೊತೆಗೆ ಒಬ್ಬರಿರಲಿ ಎಂದು ಅಮ್ಮ ನನ್ನನ್ನು ಎಬ್ಬಿಸಿ ಕಳಿಸಿದಳು. ಅಷ್ಟು ವರ್ಷ ಮನೆಯ ಮುಂದೆಯೇ ನಿಂತಿದ್ದರೂ, ಆ ಲಾರಿಯಲ್ಲಿ ನಾನು ಬೆಳಗಿನ ಜಾವ ಕೂತದ್ದು ಅದೇ ಮೊದಲು.

ಅಪ್ಪ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಮೀಟರ್ ಕಡೆ ನೋಡಿದರು.

"ಅರ್ಧ ಇದೆ. ಸಾಕು," ಅಂದರು.

ನಾನೂ ಬಗ್ಗಿ ನೋಡಿದೆ. ಅರ್ಧವೇ. ಭಾನುವಾರದಿಂದ ಡೀಸೆಲ್ ಯಾವಾಗ ಹಾಕಿಸಿದಿರಿ ಎಂದು ಕೇಳಿದೆ. ಅಪ್ಪ ಸ್ವಲ್ಪ ಯೋಚಿಸಿದರು. "ಅಣ್ಣ ಹಾಕ್ಸಿರ್ಬೇಕು. ನಾ ಸುರ್ದಿದ್ದು ಬರೀ ಕ್ಯಾನು," ಅಂದರು. ಅಣ್ಣ ಹಾಕಿಸಿರಬೇಕು! ಮೂರು ದಿನದ ಹಿಂದೆ ಇದೇ ಮಾತಿಗೆ ದೊಡ್ಡಪ್ಪನನ್ನು ಹಿಡಿದು ಕೂರಿಸಿದ್ದೆವು. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ನಿದ್ದೆಗಣ್ಣಿನಲ್ಲಿದ್ದೆ.

ಬೀಮ್ ಏರಿಸಿಕೊಂಡು ವಾಪಸ್ ಬರುವಾಗ ಅಪ್ಪ ನಿಧಾನ ಓಡಿಸಿದ್ದರಿಂದ ದಾರಿಯಲ್ಲೇ ಬೆಳಕು ಹರಿಯಿತು. ಕರುಮತ್ತಂಪಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಸೆಲ್ಫ್ ಮೋಟರ್ ಹಳೆಯದು, ಮತ್ತೆ ಹಿಡಿಯುತ್ತದೋ ಇಲ್ಲವೋ ಎಂದು ಇಂಜಿನ್ ಆರಿಸಲಿಲ್ಲ. ಲೈಟ್ ಮಾತ್ರ ಆರಿಸಿ ಬಾಗಿಲು ತೆಗೆದರು. ನಾನು ಸುಮ್ಮನೆ ಮೀಟರ್ ಕಡೆ ನೋಡುತ್ತಿದ್ದೆ. ಅರ್ಧದಲ್ಲಿ ನಿಂತಿದ್ದ ಮುಳ್ಳು ಮೆಲ್ಲಗೆ, ಯಾವ ಆತುರವೂ ಇಲ್ಲದೆ, ಇಳಿದು ಇಳಿದು ತಳದಲ್ಲಿ ಮಲಗಿತು.

"ಅಪ್ಪ, ಲೈಟ್ ಹಾಕಿ."

"ಯಾತಕ್ಕೆ? ಬೆಳಕಾಗಿದ್ಯಲ್ಲ."

"ಹಾಕಿ ಅಪ್ಪ."

ಹಾಕಿದರು. ಮುಳ್ಳು ಎದ್ದು ಅರ್ಧಕ್ಕೆ ಬಂತು.

"ಆರಿಸಿ."

ಮಲಗಿತು.

"ಹಾಕಿ."

ಎದ್ದಿತು. ನಾಲ್ಕು ಸಲ ಮಾಡಿಸಿದೆ. ಟೀ ಅಂಗಡಿಯವರು ಗ್ಲಾಸ್ ಹಿಡಿದು, "ಏನ್ರಪ್ಪಾ, ಯಾರಿಗೆ ಸಿಗ್ನಲ್ ಕೊಡ್ತಿದ್ದೀರಿ?" ಎಂದು ತಮಿಳಿನಲ್ಲಿ ಕೂಗಿದರು. ನನಗೆ ನಗು ಬಂತು. ಅಪ್ಪ ನಗಲಿಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ನನ್ನ ನಗುವೂ ಅಲ್ಲೇ ನಿಂತಿತು.

ದೊಡ್ಡಪ್ಪ ಓಡಿಸುವುದೆಲ್ಲ ಕತ್ತಲಲ್ಲಿ, ಲೈಟ್ ಹಾಕಿಕೊಂಡು. ಅವರು ಕಂಡದ್ದು ಅರ್ಧ. ಲಾರಿ ನಿಂತಾಗ ಬ್ಯಾಟರಿ ಇಳಿಯಬಾರದೆಂದು ಲೈಟ್ ಆರಿಸಿ ಕಾಯುತ್ತಾರೆ. ಅಪ್ಪ ಕ್ಯಾನ್ ತರುವಷ್ಟರಲ್ಲಿ ಬಿಸಿಲು. ಅಪ್ಪ ಕಂಡದ್ದು ಖಾಲಿ. ಇಬ್ಬರೂ ಕಂಡದ್ದನ್ನು ಕಂಡಹಾಗೇ ಹೇಳಿದ್ದರು. ಎರಡು ಸಾಕ್ಷಿಗಳು ಎರಡು ರೀತಿ ಹೇಳಿದಾಗ, ಯಾರು ಸುಳ್ಳು ಎಂದು ಕೇಳುವ ಮೊದಲು, ಇಬ್ಬರೂ ಒಂದೇ ಸ್ಥಿತಿಯಲ್ಲಿ ನೋಡಿದರೇ ಎಂದು ಕೇಳಬೇಕು. ಚರ್ಚಾ ಸ್ಪರ್ಧೆಗೆ ಹೋಗುವ ಹೊಸ ಹುಡುಗಿಯರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ.

ಮೊದಲು ಬಂಕಿಗೆ ಹೋಗಿ ಮೂವತ್ತು ಲೀಟರ್ ಹಾಕಿಸಿದೆವು. ಅರವತ್ತು ಲೀಟರಿನ ಟ್ಯಾಂಕ್. ಬೀಮ್ ಇಳಿಸಿ, ಹತ್ತು ಗಂಟೆಗೆ ಕರುಮತ್ತಂಪಟ್ಟಿಯ ಎಲೆಕ್ಟ್ರಿಷಿಯನ್ ಸೆಲ್ವಣ್ಣನ ಅಂಗಡಿಗೆ ಲಾರಿ ತಂದೆವು. ದೊಡ್ಡಪ್ಪನಿಗೆ ಇನ್ನೂ ಏನೂ ಹೇಳಿರಲಿಲ್ಲ. ಪೂರ್ತಿ ಗೊತ್ತಾಗದೆ ಹೇಳುವುದು ಬೇಡ ಅಂದವಳು ನಾನೇ. ಒಂದು ಸಲ ಅರ್ಧಂಬರ್ಧ ತಿಳಿದುಕೊಂಡು ಮಾತಾಡಿದ್ದು ಸಾಕಾಗಿತ್ತು.

ಸೆಲ್ವಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ಮಾತೆಲ್ಲ ತಮಿಳು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಮೀಟರ್ ಹೋಗಿದೆ, ಬೇರೆ ಹಾಕಿಬಿಡಿ," ಅಂದರು ಅಪ್ಪ.

"ಮೀಟರ್ ಹೋಗಿದೆ ಅಂತ ಯಾರು ಹೇಳಿದ್ದು? ತಲೆನೋವು ಅಂದ್ರೆ ತಲೆ ಬದಲಾಯಿಸ್ತಾರಾ?" ಎಂದು ಸೆಲ್ವಣ್ಣ ಟ್ಯಾಂಕಿನ ಕಡೆ ನಡೆದರು.

ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇರುತ್ತದೆ. ಡೀಸೆಲ್ ಜೊತೆ ಅದು ಏರಿಳಿದರೆ, ಅದಕ್ಕೆ ತಕ್ಕಂತೆ ಒಂದು ವೈರಿನ ಮೂಲಕ ಮೀಟರಿಗೆ ಸುದ್ದಿ ಹೋಗುತ್ತದೆ. ಸೆಲ್ವಣ್ಣ ಮೊದಲು ಆ ವೈರನ್ನು ಟ್ಯಾಂಕಿನ ಮೇಲಿಂದ ಕಿತ್ತರು. ನಾನು ಒಳಗೆ ಕೂತು ಮೀಟರ್ ನೋಡಿ ಕೂಗಬೇಕು. ಮುಳ್ಳು ಪೂರ್ತಿ ಮೇಲೆ ಹೋಯಿತು. ವೈರಿನ ತುದಿಯನ್ನು ಚಾಸಿಯ ಕಬ್ಬಿಣಕ್ಕೆ ಮುಟ್ಟಿಸಿದರು. ಮುಳ್ಳು ಪೂರ್ತಿ ಕೆಳಗೆ ಬಂತು.

"ಈ ಗಾಡಿಯಲ್ಲಿ ಹೀಗೆ. ಕೆಲವು ವಂಡಿಯಲ್ಲಿ ಉಲ್ಟಾ ಇರುತ್ತೆ. ಎರಡು ತುದಿಗೂ ಹೋಯ್ತಲ್ಲ, ಮೀಟರೂ ಸರಿ, ವೈರೂ ಸರಿ."

"ಎರಡು ತುದಿಗೆ ಹೋಯ್ತು ಅಂದಮಾತ್ರಕ್ಕೆ ನಡುವೆ ಸರಿಯಾಗಿ ತೋರಿಸುತ್ತೆ ಅಂತ ಹೇಗೆ ಹೇಳ್ತೀರಿ?" ಎಂದೆ.

ಸೆಲ್ವಣ್ಣ ತಲೆ ಎತ್ತಿ ನೋಡಿದರು. "ಏನಮ್ಮುಣಿ, ಪಟ್ಟಿಮನ್ರಮ್ ನಡೆಸೋಕೆ ಬಂದ್ಯಾ?" ಅಂದರು. ಅಮ್ಮುಣಿ ಎಂದರೆ ಹುಡುಗಿಯರನ್ನು ಮುದ್ದಾಗಿ ಕರೆಯುವುದು, ಪಟ್ಟಿಮನ್ರಮ್ ಎಂದರೆ ನಮ್ಮ ಕಡೆ ಹಬ್ಬಕ್ಕೆ ವೇದಿಕೆ ಹಾಕಿ ನಡೆಸುವ ವಾದಸಭೆ. "ಕೇಳಿದ್ದು ಸರೀನೇ. ಈಗ ನೋಡು."

ವೈರನ್ನು ಮತ್ತೆ ಟ್ಯಾಂಕಿಗೆ ಸಿಕ್ಕಿಸಿದರು. ಲೈಟ್ ಆರಿಸಿದಾಗ ಮುಳ್ಳು ಅರ್ಧಕ್ಕಿಂತ ಕೂದಲೆಳೆ ಮೇಲಿತ್ತು. ಲೈಟ್ ಹಾಕಿದರೆ ಫುಲ್ ಹತ್ತಿರ ಹೋಗಿ ನಿಂತಿತು. ಆಗ ಅವರು ಒಂದು ಉದ್ದನೆಯ ವೈರ್ ತಂದು ಅದರ ಒಂದು ತುದಿಯನ್ನು ತೇಲುಬುರುಡೆಯ ಮುಚ್ಚಳಕ್ಕೂ ಇನ್ನೊಂದನ್ನು ಬ್ಯಾಟರಿಯ ಹತ್ತಿರದ ಕಬ್ಬಿಣಕ್ಕೂ ಹಿಡಿದರು. ಲೈಟ್ ಉರಿಯುತ್ತಲೇ ಇತ್ತು. ಮುಳ್ಳು ಇಳಿದು ಅರ್ಧಕ್ಕೆ ಬಂದು ನಿಂತಿತು.

"ಅರ್ತ್ ಇಲ್ಲ," ಅಂದರು ಸೆಲ್ವಣ್ಣ. "ಲಾರಿಯಲ್ಲಿ ಕಬ್ಬಿಣವೇ ಒಂದು ವೈರ್ ಅಮ್ಮುಣಿ. ಕರೆಂಟ್ ಹೋಗೋದು ವೈರಲ್ಲಿ, ವಾಪಸ್ ಬರೋದು ಚಾಸಿಯಲ್ಲಿ. ಎಲ್ಲೋ ವಾಪಸ್ ಬರೋ ದಾರಿ ಕಟ್ಟಿದೆ. ನಿಮ್ಮ ವಂಡಿಯ ಹಿಂದಿನ ಲೈಟು ಮಂಕಾಗಿ ಉರಿಯುತ್ತಾ?"

ನಮಗೆ ಗೊತ್ತಿರಲಿಲ್ಲ. ಓಡಿಸುವವರಿಗೆ ತಮ್ಮ ಲಾರಿಯ ಹಿಂದಿನ ಲೈಟ್ ಕಾಣುವುದಿಲ್ಲ. ಇಳಿದು ನೋಡಿದರೆ ಊದುಬತ್ತಿಯ ತುದಿಯಷ್ಟೇ ಬೆಳಕು. ಅಷ್ಟು ದಿನ ಕತ್ತಲಲ್ಲಿ ದೊಡ್ಡಪ್ಪ ಆ ಹೆದ್ದಾರಿಯಲ್ಲಿ ಹಾಗೆಯೇ ಓಡಾಡಿದ್ದರು. ಹಿಂದಿನಿಂದ ಬಂದ ಬಸ್ಸುಗಳಿಗೆ ಆ ಲಾರಿ ಇದೆಯೆಂದೇ ತಿಳಿದಿರಲಿಕ್ಕಿಲ್ಲ. ಮುಳ್ಳಿನ ಸಂಗತಿಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಸೆಲ್ವಣ್ಣ ಟ್ಯಾಂಕಿನ ಅರ್ತ್ ವೈರನ್ನು ಕೈಯಿಂದ ಹಿಡಿದುಕೊಂಡೇ ಲಾರಿಯ ಕೆಳಗೆ ಹಿಂದಕ್ಕೆ ಹೋದರು. ನಾನೂ ಮೊಣಕೈ ಊರಿಕೊಂಡು ಹೋದೆ. ಯಾವುದೋ ಕಾಲದಲ್ಲಿ ಯಾರೋ ಟ್ಯಾಂಕಿನ ಅರ್ತನ್ನೂ ಹಿಂದಿನ ಲೈಟಿನ ಅರ್ತನ್ನೂ ಸೇರಿಸಿ ಲೈಟಿನ ಪಟ್ಟಿಯ ಬೋಲ್ಟಿಗೆ ಕಟ್ಟಿದ್ದರು. ಲೈಟ್ ಹಾಕಿದಾಗ ಅದರ ಕರೆಂಟೂ ಅದೇ ಕಟ್ಟಿದ ದಾರಿಯಲ್ಲಿ ನುಗ್ಗಿ ಮುಳ್ಳನ್ನು ಮೇಲಕ್ಕೆ ತಳ್ಳುತ್ತಿತ್ತು. ಆ ಬೋಲ್ಟನ್ನು ಬಿಚ್ಚಿದಾಗ, ವೈರಿಗೂ ಕಬ್ಬಿಣಕ್ಕೂ ನಡುವೆ ದುಂಡಗೆ ಕತ್ತರಿಸಿದ ಏನೋ ಒಂದು ಬಿಲ್ಲೆ ಕೆಳಗೆ ಬಿತ್ತು. ಸೆಲ್ವಣ್ಣ ಅದನ್ನು ಮೂಸಿ ನೋಡಿದರು.

"ತೊಗಲು! ಲಾರಿಗೆ ಯಾವನಪ್ಪ ಚಪ್ಪಲಿ ಹೊಲಿದವನು?"

ಅಪ್ಪ ಅದನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡುವ ಅಗತ್ಯವೇ ಇರಲಿಲ್ಲ.

"ನಾನೇ," ಅಂದರು.

ಇದನ್ನು ಸ್ವಲ್ಪ ವಿವರಿಸಬೇಕು. ಪವರ್‌ಲೂಮಿನಲ್ಲಿ ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಹೊಡೆದು ಕಳಿಸುವ ಭಾಗಗಳಲ್ಲಿ ದಪ್ಪ ತೊಗಲು ಇರುತ್ತದೆ. ಸವೆದುಹೋದ ತೊಗಲನ್ನು ನಮ್ಮವರು ಎಸೆಯುವುದಿಲ್ಲ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಡಬ್ಬಿಯಲ್ಲಿಡುತ್ತಾರೆ. ಮಗ್ಗ ಇಡೀ ದಿನ ಅದುರುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಕೆಳಗೊಂ‌ದು ತೊಗಲಿನ ಬಿಲ್ಲೆ ಇಟ್ಟು ಬಿಗಿದರೆ ಅಲ್ಲಾಡುವುದಿಲ್ಲ, ಸದ್ದೂ ಬರುವುದಿಲ್ಲ. ನಮ್ಮ ಮನೆಯ ಮಿಕ್ಸಿಯ ಕಾಲಿಗೂ, ಗೇಟಿನ ತಿರುಗಣೆಗೂ, ನನ್ನ ಹಳೆಯ ಸೈಕಲ್ಲಿನ ಮಡ್‌ಗಾರ್ಡಿಗೂ ತೊಗಲೇ. ಆಯುಧ ಪೂಜೆಗೆ ಮುಂಚೆ ಲಾರಿಯನ್ನು ಆರ್‌ಟಿಓ ತಪಾಸಣೆಗೆ ಒಯ್ಯಲು ಬಣ್ಣ ಹೊಡೆಸಿದ್ದರು. ಆಮೇಲೆ ಹಿಂದಿನ ಲೈಟ್ ಲೊಡಲೊಡ ಅನ್ನುತ್ತಿತ್ತು. ಅಪ್ಪ ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು, ಇಟ್ಟು, ಬಿಗಿದಿದ್ದರು. ಒಳ್ಳೆಯ ಕೆಲಸ ಮಾಡಿದ್ದರು. ಮಗ್ಗವಾಗಿದ್ದರೆ ಅದು ಹತ್ತು ವರ್ಷ ಅಲ್ಲಾಡುತ್ತಿರಲಿಲ್ಲ.

ಸೆಲ್ವಣ್ಣ ಬಣ್ಣ ಕೆರೆದು, ಉಪ್ಪುಕಾಗದದಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಲೈಟ್ ಹಾಕಿದರೂ ಆರಿಸಿದರೂ ಮುಳ್ಳು ಅರ್ಧ ಬಿಟ್ಟು ಕದಲಲಿಲ್ಲ. ನಾನು ಸಮಾಧಾನವಾಗುವ ತನಕ ಹಾಕಿ ಆರಿಸಿ ನೋಡಿದೆ.

ಮನೆಗೆ ಬಂದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಸಾಂಬಾರ್ ಈರುಳ್ಳಿ ಸುಲಿಯುತ್ತಿದ್ದರು. ಅಮ್ಮ ಬೇಡ ಅಂದರೂ ಕೇಳಿರಲಿಲ್ಲವಂತೆ. ಸುಮ್ಮನೆ ಕೂತು ತಿನ್ನಬಾರದು ಅಂದರಂತೆ.

ನಾನು ಎದುರು ಕೂತು ಎಲ್ಲ ಹೇಳಿದೆ. ಲೈಟ್ ಹಾಕಿದರೆ ಅರ್ಧ, ಆರಿಸಿದರೆ ಖಾಲಿ. "ಅರ್ತ್ ಇರ್ಲಿಲ್ಲ ದೊಡ್ಡಪ್ಪ," ಎಂದೆ.

"ಯಾವ್ದಕ್ಕೆ? ನಿನ್ನ ಮಾತಿಗಾ?" ಅಂದರು.

ಭಾನುವಾರದ ನಂತರ ಅವರು ಮಾಡಿದ ಮೊದಲ ತಮಾಷೆ ಅದು. ಆದರೆ ಮುಖದಲ್ಲಿ ನಗು ಇರಲಿಲ್ಲ. ಈರುಳ್ಳಿ ಕೆಳಗಿಟ್ಟು ಮತ್ತೆ ಕೇಳಿದರು: "ಹಂಗಂದ್ರೆ ನಾ ನೋಡ್ದಾಗ ಅರ್ಧ ಇತ್ತು?"

"ಮುಳ್ಳು ಅರ್ಧದಲ್ಲಿತ್ತು. ಡೀಸೆಲ್ ಇರ್ಲಿಲ್ಲ. ನೀವು ನೋಡಿದ್ದು ನಿಜ."

"ಇನ್ನೊಂದ್ ಸಲ ಹೇಳು."

ಹೇಳಿದೆ. ಒಳಗಿನಿಂದ ಕೀ ತಂದು ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ.

"ಅವತ್ತು ನಿಂತ್ಕೊಂಡು ಹತ್ತು ನಿಮಿಷ ಮಾತಾಡಿದ್ಯಲ್ಲ, ಒಂದು, ಎರಡು, ಮೂರು ಅಂತ. ಇವತ್ತು ಈ ಕಡೆಯಿಂದ ಹತ್ತು ನಿಮಿಷ ಮಾತಾಡು. ನಿಮ್ಮ ಅಪ್ಪ ಅಮ್ಮನ್ನೂ ಕರಿ. ಅವತ್ತು ಕೇಳ್ದೋರು ಇವತ್ತೂ ಕೇಳ್ಲಿ."

ಅಪ್ಪ ಅಮ್ಮ ಇಬ್ಬರೂ ಬಂದು ನಿಂತರು. ಎರಡೂ ಕಡೆಯಿಂದ ಮಾತಾಡುವುದು ನನಗೆ ಹೊಸದಲ್ಲ. ಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೇ ಯಾವ ಕಡೆ ಎಂದು ಗೊತ್ತಾಗುತ್ತದೆ. ಎದ್ದು ನಿಂತೆ. ಮೊದಲನೆಯದು, ಎಂದು ಶುರುಮಾಡಿದೆ. ಎರಡು ಸಲ ಡೀಸೆಲ್ ಮುಗಿದದ್ದಕ್ಕೆ ಮೀಟರ್ ಕಾರಣ ಎಂದು ಹೇಳಿದೆ. ಎರಡನೆಯದು, ಡೀಸೆಲ್ ಹಾಕಿಸದಿದ್ದದ್ದು ಮರೆವಿನಿಂದ ಅಲ್ಲ, ಯಾಕೆಂದರೆ ಅವರ ಕಣ್ಣಿಗೆ ಅರ್ಧ ಕಂಡಿತ್ತು, ಅಪ್ಪನಿಗೂ ಹಾಗೇ ಕಂಡಿತು, ಎಂದೆ. ಅಷ್ಟರಲ್ಲಿ ಮಂಗಳವಾರ ಅವರು ಮಾತ್ರೆಯ ವಿಷಯ ಕೇಳುತ್ತಿದ್ದ ದನಿ ನೆನಪಿಗೆ ಬಂತು. ಮೂರನೆಯದು ಎಂದವಳಿಗೆ ಮುಂದೆ ಮಾತು ಬರಲಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ.

"ನೀ ಕೂತ್ಕೋ," ಅಂದರು ಅಪ್ಪ. ಜೇಬಿನಿಂದ ಆ ಬಿಲ್ಲೆ ತೆಗೆದು ಜಗಲಿಯ ಮೇಲೆ ಇಟ್ಟರು. "ಅಣ್ಣ, ಆ ಬೋಲ್ಟಿಗೆ ತೊಗಲು ಇಟ್ಟೋನು ನಾನು."

ದೊಡ್ಡಪ್ಪ ಬಿಲ್ಲೆಯನ್ನು ನೋಡಿದರು. "ಲೊಡಲೊಡ ಅಂತಿತ್ತು, ನೀ ಇಟ್ಟೆ. ನಾನಾಗಿದ್ರೂ ಇಡ್ತಿದ್ದೆ. ಅದಲ್ಲ. ಕೀ ಬೇಕಿತ್ತು ಅಂದ್ರೆ ನೀ ಬಂದು ಕೇಳ್ಬೇಕಿತ್ತು. ಮಗಳನ್ನ ನಿಲ್ಸಿ ಕೇಳ್ಸಿದ್ಯಲ್ಲ."

ಅಪ್ಪ ತಲೆ ತಗ್ಗಿಸಿ, "ಆಮಾ," ಅಂದರು. ಹೌದು ಎಂದು. ಅಷ್ಟೇ.

ಆಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಮೂರನೇದಕ್ಕೆ ಯಾಕೆ ನಿಲ್ಸಿಬಿಟ್ಟೆ? ದಾರಿ ತಪ್ಪಿ ಅನ್ನೂರು ದಾಟಿದ್ದು. ಅದನ್ನ ನೀ ಕಷ್ಟಪಟ್ಟು ಸಮರ್ಥಿಸೋದು ಬೇಡ. ಅದು ನಿಜವಾಗ್ಲೂ ಮರ್ತೆ. ಏನೋ ಯೋಚ್ನೆಯಲ್ಲಿದ್ದೆ, ತಿರುಗೋ ಜಾಗ ಹೋಯ್ತು. ನಿನ್ನ ಅಮ್ಮನ ಹೆಸರಲ್ಲಿ ಕರ್ದಿದ್ದೂ ನಿಜ. ನೀವಿಬ್ರೂ ಬೈಯ್ಯೋದು ಒಂದೇ ಥರ."

ಅಮ್ಮ ಆಗ ಬಾಯಿಬಿಟ್ಟಳು. "ಹಂಗಾದ್ರೆ ಡಾಕ್ಟ್ರ ಹತ್ರ ಹೋಗಿ ತೋರ್ಸ್ಕೊಂಡು ಬನ್ನಿ ಭಾವ. ವಂಡಿಗೆ ಮಾತ್ರ ತಪಾಸ್ಣೆ ಮಾಡ್ಸಿದ್ರೆ ಸಾಕಾ? ಅಲ್ಲೀ ತನಕ ಕೀ ನಿಮ್ಮ ಹತ್ರಾನೇ ಇರ್ಲಿ."

ಮರುವಾರ ಕೊಯಮತ್ತೂರಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಪ್ರಶ್ನೆ ಕೇಳಿದರು, ಗಡಿಯಾರ ಬರೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಹೆದರುವಂಥದ್ದೇನೂ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದರು. ಹೊರಗೆ ಬಂದು ದೊಡ್ಡಪ್ಪ ಎರಡು ಟೀ ಹೇಳಿದರು.

ಈಗಲೂ ನಾಲ್ಕೂವರೆಗೆ ಲಾರಿ ಹೊರಡುವ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಮೀಟರ್ ಸರಿಹೋಯಿತೆಂದ ಮಾತ್ರಕ್ಕೆ ದೊಡ್ಡಪ್ಪನಿಗೆ ಎಂದೂ ಮರೆವು ಬರುವುದಿಲ್ಲ ಎಂದು ಸಾಬೀತಾಗಲಿಲ್ಲ. ಅಷ್ಟು ತರ್ಕ ನನಗೂ ಗೊತ್ತು. ಒಂದು ದಿನ ನಿಜವಾಗಿಯೇ ಬರಬಹುದು. ಆಗ ಕೀ ಕೊಡಿ ಎಂದು ಅವರನ್ನು ಕೇಳಬೇಕಾಗುತ್ತದೆ, ಆ ಕೆಲಸ ಮತ್ತೆ ನನ್ನ ಪಾಲಿಗೇ ಬರುತ್ತದೆ. ಕೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ವಾರ ಕತ್ತಲಲ್ಲಿ ಎದ್ದು, ಲಾರಿ ಹತ್ತಿ, ಅವರ ಪಕ್ಕದಲ್ಲಿ ಕೂತು, ಅವರು ನೋಡುತ್ತಿರುವುದನ್ನು ನಾನೂ ನೋಡುತ್ತೇನೆ. ಆಮೇಲೆ, ನಡುಮನೆಯಲ್ಲಿ ನಿಂತು ಅಲ್ಲ, ಆ ಸೀಟಿನಲ್ಲಿ ಕೂತೇ ಕೇಳುತ್ತೇನೆ.